ಹಿಂದಿನ ದೀಪ ಹಿಂದಿನವರಿಗಾಗಿ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯರು, ಯುವಕರು ಹಾಗೂ ವಾಹನ ಚಾಲಕರಿಗಾಗಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಉಳಿತಾಯ, ಸಾಲ ಮರುಪಾವತಿ, ಆರೋಗ್ಯ, ಮಕ್ಕಳ ಶಿಕ್ಷಣ ಇಂಥ ವಿಷಯಗಳ ಬಗ್ಗೆ ಮಾತನಾಡುತ್ತೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಗಾಡಿಯ ಹಿಂದಿನ ಕೆಂಪು ದೀಪ, ಅಂದರೆ ಟೇಲ್ ಲೈಟ್. "ಗ್ಯಾರೇಜಿನ ಮಾತು ಸಂಘದಾಗ ಯಾಕ್ರಿ?" ಎಂದು ಕೆಲವರಿಗೆ ಅನಿಸಬಹುದು. ಆದರೆ ಇಂದು ನಮ್ಮ ಹಳ್ಳಿಗಳಲ್ಲಿ ಗಾಡಿ ಇಲ್ಲದ ಓಣಿ ಇಲ್ಲ. ಒಬ್ಬರ ಮನೆಯಲ್ಲಿ ಬೈಕ್, ಇನ್ನೊಬ್ಬರ ಮನೆಯಲ್ಲಿ ಟ್ರ್ಯಾಕ್ಟರ್, ಮತ್ತೊಬ್ಬರ ಮನೆಯಲ್ಲಿ ಹಳೆಯ ಕಾರು. ಅದರ ಮೇಲಿನ ಸಾಲವನ್ನು ಮನೆಮಂದಿಯೆಲ್ಲ ಸೇರಿ ತೀರಿಸುತ್ತಾರೆ. ರಾತ್ರಿ ಆ ಗಾಡಿ ಮನೆಗೆ ಬರುವವರೆಗೆ ಬಾಗಿಲಲ್ಲಿ ನಿಂತು ದಾರಿ ಕಾಯುವವರು ಮನೆಯ ಹೆಣ್ಣುಮಕ್ಕಳು. ಆದ್ದರಿಂದ ಇದು ಮನೆಯ ವಿಷಯವೇ ಸರಿ.

ಇತ್ತೀಚೆಗೆ ನಮ್ಮ ಯುವಕರಲ್ಲಿ ಒಂದು ಹವ್ಯಾಸ ಬೆಳೆದಿದೆ. ಕಾರಿನ ಹಿಂದಿನ ದೀಪವನ್ನು ಮನೆಯಲ್ಲೇ ಬಿಚ್ಚಿ, ಅದರ ಮೇಲೆ ಕಪ್ಪು ಬಣ್ಣ ಹೊಡೆಯುವುದು ಅಥವಾ ಕಪ್ಪು ಫಿಲ್ಮ್ ಅಂಟಿಸುವುದು. ಹುಡುಗರು ಇದಕ್ಕೆ "ಸ್ಮೋಕ್ ಮಾಡೂದು" ಅನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ಸ್ಪ್ರೇ ಡಬ್ಬಿ ತರಿಸಿ, ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಕೂತು ಮಾಡಿ ಮುಗಿಸುತ್ತಾರೆ. ಹೊಸ ಗಾಡಿ ಕೊಳ್ಳಲು ದುಡ್ಡಿಲ್ಲದವನಿಗೆ ಹಳೆಯ ಗಾಡಿ ಹೊಸದರಂತೆ ಕಾಣಬೇಕೆಂಬ ಆಸೆ ಇರುತ್ತದೆ. ಆ ಆಸೆಯಲ್ಲಿ ತಪ್ಪಿಲ್ಲ. ತನ್ನ ಕೈಯಿಂದ ಬಿಚ್ಚಿ ಜೋಡಿಸುವ ಜಾಣತನವೂ ಒಳ್ಳೆಯದೇ. ಆದರೆ ಆ ಜಾಣತನ ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ನಾವು ಕೇಳಬೇಕು.

ದೀಪ ಏನು ಮಾತಾಡುತ್ತದೆ?

ಮೊದಲು ಆ ದೀಪದ ಕೆಲಸ ತಿಳಿಯೋಣ. ಗಾಡಿಯ ಮುಂದಿನ ದೀಪ ಹಚ್ಚುವುದು ನಾವು ದಾರಿ ನೋಡುವುದಕ್ಕೆ. ಹಿಂದಿನ ದೀಪದಿಂದ ಚಾಲಕನಿಗೆ ಏನೂ ಕಾಣುವುದಿಲ್ಲ. ಅವನು ಅದನ್ನು ನೋಡುವುದೂ ಇಲ್ಲ. ಅದು ಪೂರ್ತಿಯಾಗಿ ಹಿಂದೆ ಬರುವವನಿಗಾಗಿ ಇರುವ ದೀಪ. ನಮ್ಮ ಗಾಡಿಯಲ್ಲಿದ್ದರೂ ಅದು ಬೇರೆಯವರ ಸೊತ್ತು.

ಕಾರಿನ ಹಿಂದಿನ ಒಂದು ಡಬ್ಬಿಯೊಳಗೆ ನಾಲ್ಕೈದು ಮಾತುಗಳಿವೆ. ಸಣ್ಣಗೆ ಉರಿಯುವ ಕೆಂಪು ದೀಪ "ಇಲ್ಲಿ ಒಂದು ಗಾಡಿ ಐತಿ" ಅನ್ನುತ್ತದೆ. ಬ್ರೇಕ್ ತುಳಿದಾಗ ದೊಡ್ಡದಾಗಿ ಉರಿಯುವ ಕೆಂಪು "ನಾ ನಿಲ್ಲಾಕತ್ತೀನಿ, ನೀನೂ ನಿಲ್ಲು" ಅನ್ನುತ್ತದೆ. ಹಳದಿ ಇಂಡಿಕೇಟರ್ "ನಾ ಹೊಳ್ಳತೀನಿ" ಅನ್ನುತ್ತದೆ. ಬಿಳಿಯದು "ಹಿಂದಕ್ಕ ಬರಾಕತ್ತೀನಿ, ಸರೀರಿ" ಅನ್ನುತ್ತದೆ. ಇವುಗಳ ಜೊತೆಗೆ ಬಲ್ಬು ಇಲ್ಲದ ಇನ್ನೊಂದು ವಸ್ತು ಇದೆ. ಅದೇ ರಿಫ್ಲೆಕ್ಟರ್. ಜೇನುಗೂಡಿನಂತೆ ಸಣ್ಣ ಸಣ್ಣ ಮೂಲೆಗಳಿರುವ ಕೆಂಪು ತುಂಡು. ಕೆಲವು ಕಾರುಗಳಲ್ಲಿ ದೀಪದೊಳಗೇ ಇರುತ್ತದೆ, ಕೆಲವುಗಳಲ್ಲಿ ಕೆಳಗೆ ಬಂಪರಿನಲ್ಲಿ ಇರುತ್ತದೆ.

ಮುಂದೆ ಬಿಳಿ, ಹಿಂದೆ ಕೆಂಪು ಎಂಬ ನಿಯಮಕ್ಕೂ ಅರ್ಥವಿದೆ. ಕತ್ತಲೆಯಲ್ಲಿ ದೂರದಲ್ಲಿ ಬಿಳಿ ದೀಪ ಕಂಡರೆ ಎದುರಿಗೆ ಬರುತ್ತಿದ್ದಾನೆ ಎಂದು ತಿಳಿಯುತ್ತದೆ. ಕೆಂಪು ಕಂಡರೆ ನಮ್ಮ ಮುಂದೆಯೇ ಹೋಗುತ್ತಿದ್ದಾನೆ ಅಥವಾ ನಿಂತಿದ್ದಾನೆ ಎಂದು ತಿಳಿಯುತ್ತದೆ. ಓದು ಬಾರದವರಿಗೂ ಅರ್ಥವಾಗುವ ಭಾಷೆ ಅದು. ಕೆಲವರು ಕೆಂಪು ಗಾಜು ತೆಗೆದು ಬಿಳಿ ಗಾಜು ಹಾಕಿಸುತ್ತಾರೆ, ಮಿಣಮಿಣ ಮಿಂಚುವ ನೀಲಿ ದೀಪ ಹಾಕಿಸುತ್ತಾರೆ. ಅಂಥವರು ಈ ಭಾಷೆಯನ್ನೇ ಕೆಡಿಸುತ್ತಾರೆ.

ಒಂದು ಸಣ್ಣ ಪ್ರಯೋಗ

ಈಗ ಕಪ್ಪು ಫಿಲ್ಮ್ ಏನು ಮಾಡುತ್ತದೆ ನೋಡೋಣ. ಇದನ್ನು ನೀವು ಮನೆಯಲ್ಲೇ ಮಾಡಬಹುದು. ಒಂದು ಸೈಕಲ್ಲಿನ ಕೆಂಪು ರಿಫ್ಲೆಕ್ಟರ್ ತೆಗೆದುಕೊಳ್ಳಿ. ಕತ್ತಲೆಯಲ್ಲಿ ಐವತ್ತು ಹೆಜ್ಜೆ ದೂರ ಇಡಿ. ಬ್ಯಾಟರಿಯನ್ನು ನಿಮ್ಮ ಕಣ್ಣಿನ ಪಕ್ಕದಲ್ಲಿ ಹಿಡಿದು ಬೆಳಕು ಬಿಡಿ. ಕೆಂಡದ ಹಾಗೆ ಹೊಳೆಯುತ್ತದೆ. ಅದರೊಳಗೆ ಬಲ್ಬಿಲ್ಲ, ವೈರಿಲ್ಲ. ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ, ಅಷ್ಟೇ. ಈಗ ಅದರ ಮೇಲೆ ಕಪ್ಪು ಫಿಲ್ಮಿನ ಒಂದು ತುಂಡು ಇಟ್ಟು ಮತ್ತೆ ನೋಡಿ. ಕೆಂಡ ಆರಿದಂತೆ ಕಾಣುತ್ತದೆ.

ಯಾಕೆ ಹೀಗೆ? ಲೆಕ್ಕ ಸರಳವಾಗಿದೆ. ಫಿಲ್ಮು ಅರ್ಧ ಬೆಳಕನ್ನು ತಡೆಯುತ್ತದೆ ಎಂದು ಇಟ್ಟುಕೊಳ್ಳೋಣ. ಒಳಗೆ ಉರಿಯುವ ಬಲ್ಬಿನ ಬೆಳಕು ಹೊರಗೆ ಬರುವಾಗ ಒಂದೇ ಸಲ ಫಿಲ್ಮ್ ದಾಟಬೇಕು. ಅರ್ಧ ಉಳಿಯುತ್ತದೆ. ಆದರೆ ರಿಫ್ಲೆಕ್ಟರಿನ ಬೆಳಕು ಹೊರಗಿನಿಂದ ಒಳಗೆ ಹೋಗುವಾಗ ಒಮ್ಮೆ, ಒಳಗಿನಿಂದ ಹೊರಗೆ ಬರುವಾಗ ಇನ್ನೊಮ್ಮೆ ದಾಟಬೇಕು. ಸಂತೆಗೆ ಹೋಗುವಾಗಲೂ ಸುಂಕ, ಬರುವಾಗಲೂ ಸುಂಕ ಎಂದ ಹಾಗೆ. ರೂಪಾಯಿಯಲ್ಲಿ ಎಂಟಾಣೆ ಹೋಗುವಾಗ ಕಡಿತ, ಉಳಿದ ಎಂಟಾಣೆಯಲ್ಲಿ ನಾಲ್ಕಾಣೆ ಬರುವಾಗ ಕಡಿತ. ಕೈಗೆ ಉಳಿಯುವುದು ನಾಲ್ಕಾಣೆ. ಫಿಲ್ಮು ಇನ್ನೂ ಗಾಢವಾಗಿದ್ದು ನೂರರಲ್ಲಿ ಮೂವತ್ತು ಪಾಲು ಬೆಳಕನ್ನು ಮಾತ್ರ ಬಿಟ್ಟರೆ, ರಿಫ್ಲೆಕ್ಟರಿನಿಂದ ಹೊರಬರುವುದು ನೂರರಲ್ಲಿ ಒಂಬತ್ತು ಪಾಲು ಮಾತ್ರ.

ರಿಫ್ಲೆಕ್ಟರ್ ಕೆಲಸ ಮಾಡಬೇಕಾದ ಹೊತ್ತು ಯಾವುದು? ಬ್ಯಾಟರಿ ಇಳಿದಾಗ, ಬಲ್ಬು ಸುಟ್ಟಾಗ, ಗಾಡಿ ಕೆಟ್ಟು ರಸ್ತೆ ಬದಿಯಲ್ಲಿ ನಿಂತಾಗ. ಅಂದರೆ ಎಲ್ಲ ದೀಪಗಳೂ ಕೈಬಿಟ್ಟ ಹೊತ್ತಿನಲ್ಲಿ ಅದೊಂದೇ ಕಾವಲುಗಾರ. ಆ ಕಾವಲುಗಾರನ ಕಣ್ಣಿಗೇ ನಾವು ಕಪ್ಪು ಪಟ್ಟಿ ಕಟ್ಟುತ್ತೇವೆ.

ಬಲ್ಬಿನ ಲೆಕ್ಕವನ್ನೂ ನೋಡಿ. ಅನೇಕ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ. ರಾತ್ರಿ ಸುಮ್ಮನೆ ಉರಿಯುವುದು 5 ವ್ಯಾಟಿನದು, ಬ್ರೇಕಿಗೆ ಉರಿಯುವುದು 21 ವ್ಯಾಟಿನದು. 5 ವ್ಯಾಟ್ ಎಂದರೆ ಮೊದಲೇ ಸಣ್ಣ ದೀಪ. ಅದರಲ್ಲಿ ಅರ್ಧ ಕಳೆದರೆ ಉಳಿಯುವುದೆಷ್ಟು? ಇನ್ನು ಹಗಲಿನಲ್ಲಿ, ಅದೂ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಕಪ್ಪು ಬಳಿದ ಬ್ರೇಕ್ ದೀಪ ಉರಿದದ್ದೂ ಒಂದೇ, ಉರಿಯದಿದ್ದದ್ದೂ ಒಂದೇ.

ಯಾರ ಕಣ್ಣಿನಿಂದ ನೋಡಬೇಕು?

ಹುಡುಗರು ಒಂದು ಮಾತು ಹೇಳುತ್ತಾರೆ. "ನಾ ಹಿಂದ ನಿಂತು ನೋಡೀನ್ರಿ, ಛಲೋ ಕಾಣತೈತಿ." ನಿಜ, ಅವನಿಗೆ ಕಾಣುತ್ತದೆ. ಅವನು ನಿಂತದ್ದು ಹತ್ತು ಹೆಜ್ಜೆ ದೂರದಲ್ಲಿ. ಗಾಡಿ ಎಲ್ಲಿದೆ ಎಂದು ಅವನಿಗೆ ಮೊದಲೇ ಗೊತ್ತು. ಮತ್ತೆ ಅವನ ಕಣ್ಣು ಇಪ್ಪತ್ತರ ಕಣ್ಣು.

ಮನುಷ್ಯನಿಗೆ ವಯಸ್ಸಾದಂತೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಒಳಗಿನ ಮಸೂರ ಮಬ್ಬಾಗುತ್ತದೆ. ಇಪ್ಪತ್ತು ವರ್ಷದವನ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತು ವರ್ಷದವರ ಕಣ್ಣಿನ ಆಳಕ್ಕೆ ತಲುಪುತ್ತದೆ ಎಂದು ಕಣ್ಣಿನ ತಜ್ಞರು ಹೇಳುತ್ತಾರೆ. ಪೊರೆ ಬಂದಿದ್ದರೆ ಇನ್ನೂ ಕಡಿಮೆ. ಸಂತೆ ಮುಗಿಸಿ ಟಿವಿಎಸ್ ಮೇಲೆ ಊರಿಗೆ ಹೊರಟ ಹಿರಿಯರು, ಗೀಚು ಬಿದ್ದ ಹೆಲ್ಮೆಟ್ ಗಾಜಿನೊಳಗಿಂದ ನೋಡುವ ಹಾಲಿನವರು, ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿದ ಬೈಕ್ ಸವಾರರು, ಇವರೆಲ್ಲ ನಮ್ಮ ಹಿಂದೆ ಬರುವವರು. ದೀಪ ಸಾಕೋ ಸಾಲದೋ ಎಂದು ಹೇಳಬೇಕಾದವರು ಅವರು. ಅವರ ಅಭಿಪ್ರಾಯ ಕೇಳಿ ಯಾರೂ ಫಿಲ್ಮ್ ಅಂಟಿಸಿಲ್ಲ.

ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಬಹಳ ಜೋರೇನಲ್ಲ ಎಂದು ನಮಗೆ ಅನಿಸುತ್ತದೆ. ಆ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಮುಂದೆ ಏನೋ ಇದೆ ಎಂದು ಕಂಡು, ಮನಸ್ಸಿಗೆ ತಿಳಿದು, ಕೈ-ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲೇ 25 ಮೀಟರ್ ಮುಗಿಯಿತು. ಬ್ರೇಕ್ ಹತ್ತಿದ ಮೇಲೆ ಒಣ ಡಾಂಬರು ರಸ್ತೆಯಲ್ಲಿ ನಿಲ್ಲಲು ಇನ್ನೂ 20ರಿಂದ 25 ಮೀಟರ್ ಬೇಕು. ಒಟ್ಟು 45ರಿಂದ 50 ಮೀಟರ್. ಡಿಮ್ ಹಾಕಿದ ಹೆಡ್‌ಲೈಟಿನಲ್ಲಿ, ದೀಪವಿಲ್ಲದೆ ರಸ್ತೆಯಲ್ಲಿ ನಿಂತ ಕಪ್ಪು ಗಾಡಿ ಕಣ್ಣಿಗೆ ಬೀಳುವುದು ಸುಮಾರು 30-40 ಮೀಟರ್ ಹತ್ತಿರ ಬಂದಾಗ. ಅಂದರೆ ಕಂಡ ಮೇಲೂ ನಿಲ್ಲಿಸಲು ಜಾಗ ಉಳಿದಿರುವುದಿಲ್ಲ. ಸವಾರ ಎಚ್ಚರದಿಂದಿದ್ದರೂ, ಕುಡಿಯದಿದ್ದರೂ, ಹೆಲ್ಮೆಟ್ ಹಾಕಿದ್ದರೂ ಢಿಕ್ಕಿ ತಪ್ಪದು.

ಅದೇ ಜಾಗದಲ್ಲಿ ಒಂದು ಸ್ವಚ್ಛ ಕೆಂಪು ದೀಪ 150 ಮೀಟರ್ ದೂರದಿಂದ ಕಂಡರೆ? ಅವನಿಗೆ ಸುಮಾರು ಒಂಬತ್ತು ಸೆಕೆಂಡ್ ಸಮಯ ಸಿಗುತ್ತದೆ. ಒಂಬತ್ತು ಸೆಕೆಂಡಿನಲ್ಲಿ ನಿಧಾನ ಮಾಡಬಹುದು, ಹಾರ್ನ್ ಹೊಡೆಯಬಹುದು, ಎದುರಿನ ಗಾಡಿ ಹೋಗಲಿ ಎಂದು ಕಾಯಬಹುದು. ಒಂದು ಜೀವಕ್ಕೂ ಒಂದು ಸಾವಿಗೂ ನಡುವೆ ಇರುವುದು ಆ ಕೆಲವು ಸೆಕೆಂಡು.

ನಮ್ಮ ರಸ್ತೆ, ನಮ್ಮ ಕಬ್ಬು

ಈ ಮಾತು ನಮ್ಮ ಮೂರು ತಾಲೂಕುಗಳಿಗೆ ಬೇರೆ ಕಡೆಗಿಂತ ಹೆಚ್ಚು ಸಲ್ಲುತ್ತದೆ. ಘಟಪ್ರಭೆ, ಹಿರಣ್ಯಕೇಶಿ ನದಿಗಳ ನೀರಿನಿಂದ, ಹಿಡಕಲ್ ಜಲಾಶಯದ ಕಾಲುವೆಗಳಿಂದ ನಮ್ಮ ಕಡೆ ಕಬ್ಬು ಬೆಳೆಯಿತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಬೆಲ್ಲದ ಬಾಗೇವಾಡಿ, ಹುಣಶ್ಯಾಳ, ಕೊಳವಿಯ ಕಾರ್ಖಾನೆಗಳು ನಮಗೆಲ್ಲ ಗೊತ್ತು. ದೀಪಾವಳಿಯ ಹೊತ್ತಿಗೆ ಸೀಸನ್ ಶುರುವಾದರೆ ಮುಂದೆ ಕೆಲವು ತಿಂಗಳು ರಾತ್ರಿ ಹಗಲು ಕಬ್ಬಿನ ಗಾಡಿಗಳದೇ ಓಡಾಟ. ಗೋಕಾಕದಿಂದ ಘಟಪ್ರಭೆ, ಹುಕ್ಕೇರಿ, ಸಂಕೇಶ್ವರದ ಕಡೆಗೆ, ಮೂಡಲಗಿಯಿಂದ ಗುರ್ಲಾಪುರ ಕ್ರಾಸ್ ಕಡೆಗೆ, ಯಮಕನಮರಡಿ-ಹತ್ತರಗಿಯ ಹತ್ತಿರ ಹಾದುಹೋಗುವ ಹೆದ್ದಾರಿಗೆ, ಎಲ್ಲಿ ನೋಡಿದರೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು.

ಟ್ರೇಲರಿನ ಹಿಂದೆ ಏನಿದೆ ನೋಡಿ. ಕೆಲವಕ್ಕೆ ದೀಪವೇ ಇಲ್ಲ. ಕೆಲವಕ್ಕೆ ದೀಪ ಇದೆ, ವೈರು ಹರಿದಿದೆ. ಇನ್ನು ಕೆಲವಕ್ಕೆ ದೀಪ, ರಿಫ್ಲೆಕ್ಟರ್ ಎಲ್ಲ ಇವೆ, ಆದರೆ ಇಳಿಬಿದ್ದ ಕಬ್ಬಿನ ವಾಡೆ ಅವನ್ನು ಮುಚ್ಚಿದೆ. ಕಾರಿನ ಹುಡುಗ ಶೋಕಿಗಾಗಿ ದೀಪ ಮುಚ್ಚಿದ. ಟ್ರ್ಯಾಕ್ಟರಿನವನು ಆತುರಕ್ಕೋ ಅಸಡ್ಡೆಗೋ ಬಿಟ್ಟ. ಹಿಂದಿನಿಂದ ಬರುವವನಿಗೆ ಎರಡೂ ಒಂದೇ ಕತ್ತಲೆ.

ಟ್ರ್ಯಾಕ್ಟರ್ ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುತ್ತಿರುತ್ತದೆ, ಹಿಂದಿನವನು 60ರಲ್ಲಿ ಬರುತ್ತಿರುತ್ತಾನೆ. ಇಬ್ಬರ ನಡುವಿನ ಅಂತರ ಪ್ರತಿ ಸೆಕೆಂಡಿಗೆ 11 ಮೀಟರ್ ಕರಗುತ್ತದೆ. ಚಳಿಗಾಲದ ಬೆಳಗಿನ ಜಾವ ನದಿ ದಂಡೆಯ ಊರುಗಳಲ್ಲಿ ಮಂಜು ಬಿದ್ದಿದ್ದರೆ ಹೇಳುವುದೇ ಬೇಡ. ಸೀಸನ್ ಬಂತೆಂದರೆ ಪೇಪರಿನಲ್ಲಿ "ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕ್ ಢಿಕ್ಕಿ" ಎಂಬ ಸುದ್ದಿ ಓದುತ್ತೇವೆ. ಓದಿ, "ಪಾಪ, ಸಣ್ಣ ವಯಸ್ಸು" ಎಂದು ಪುಟ ತಿರುಗಿಸುತ್ತೇವೆ. ಆ ಮನೆಯಲ್ಲಿ ಮಾತ್ರ ಆ ಪುಟ ತಿರುಗುವುದಿಲ್ಲ. ದುಡಿಯುವ ಕೈ ಹೋಯಿತು, ಸಾಲ ಉಳಿಯಿತು, ಮಕ್ಕಳ ಶಾಲೆ ನಿಂತಿತು.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರದಿಂದ ಸೂರ್ಯ ಹುಟ್ಟುವ ಅರ್ಧ ಗಂಟೆಯ ಮುಂಚಿನವರೆಗೆ ಗಾಡಿಯ ದೀಪಗಳು ಉರಿಯುತ್ತಿರಬೇಕು. ಹಿಂದಿನ ದೀಪ ಕೆಂಪಾಗಿ ದೂರದಿಂದ ಕಾಣಬೇಕು. ನಂಬರ್ ಪ್ಲೇಟಿಗೆ ಬಿಳಿ ದೀಪ ಬೇಕು. ಕಾರಿಗಷ್ಟೇ ಅಲ್ಲ, ಟ್ರೇಲರಿಗೂ ಹಿಂದೆ ಎಡಕ್ಕೊಂದು ಬಲಕ್ಕೊಂದು ಕೆಂಪು ರಿಫ್ಲೆಕ್ಟರ್ ಇರಲೇಬೇಕು.

2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಆಯಿತು. ಅದರಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ನಿಯಮ ಮೀರಿ ಗಾಡಿಯಲ್ಲಿ ಬದಲಾವಣೆ ಮಾಡಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗಮನಿಸಿ, ಕಾನೂನು ಹಿಡಿಯುವುದು ಮಾಲೀಕನನ್ನು. ಗಾಡಿ ತಂದೆಯ ಹೆಸರಿನಲ್ಲಿದ್ದು ಮಗ ಬಣ್ಣ ಹೊಡೆದಿದ್ದರೆ ಉತ್ತರ ಕೊಡಬೇಕಾದವರು ತಂದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲಿಕ್ಕೂ ಇದು ಒಂದು ದಾರಿ ಮಾಡಿಕೊಡುತ್ತದೆ.

ಕೆಲವರಿಗೆ 2012ರ ನೆನಪಿರಬಹುದು. ಆ ವರ್ಷ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಾರಿನ ಕಿಟಕಿ ಗಾಜಿನ ಕಪ್ಪು ಫಿಲ್ಮಿನ ವಿರುದ್ಧ ಆದೇಶ ಕೊಟ್ಟಿತು. ಊರೂರಲ್ಲಿ ಪೊಲೀಸರು ನಿಂತು ಫಿಲ್ಮ್ ಕಿತ್ತರು. "ಅದು ಕಿಟಕಿ ಗಾಜಿನ ಮಾತು, ದೀಪಕ್ಕ ಏನೂ ಇಲ್ಲ" ಎಂದು ವಾದ ಮಾಡುವವರಿದ್ದಾರೆ. ಕಿಟಕಿ ಗಾಜಿಗೆ ಬೇರೆ ನಿಯಮ, ದೀಪಕ್ಕೆ ಬೇರೆ ನಿಯಮ ಎಂಬುದು ನಿಜ. ಆದರೆ ದೀಪಕ್ಕೆ ನಿಯಮವೇ ಇಲ್ಲ ಎಂಬುದು ಸುಳ್ಳು. ಮತ್ತೆ ಪೊಲೀಸರು ಹಿಡಿಯುತ್ತಾರೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆ. ಹಿಂದಿನವನಿಗೆ ಕಾಣುತ್ತದೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ.

ಈಗಾಗಲೇ ಕಪ್ಪು ಮಾಡಿದ್ದರೆ ಏನು ಮಾಡಬೇಕು?

ಬಿಚ್ಚುವ ಕೈಗೆ ತೊಳೆಯುವ ಕೆಲಸವೂ ಬರುತ್ತದೆ. ಆದ್ದರಿಂದ ಯುವಕರೇ, ಈ ಭಾಗವನ್ನು ಲಕ್ಷ್ಯಗೊಟ್ಟು ಕೇಳಿ.

1. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಾವಿ ತೆಗೆಯಿರಿ. ಈಗಷ್ಟೇ ಉರಿದ ಬಲ್ಬು ಕೈ ಸುಡುತ್ತದೆ, ಸ್ವಲ್ಪ ಹೊತ್ತು ಆರಲು ಬಿಡಿ.

2. ಅನೇಕ ಕಾರುಗಳಲ್ಲಿ ಹಿಂದಿನ ಡಿಕ್ಕಿ ತೆಗೆದರೆ ದೀಪದ ಎರಡು ಮೂರು ಸ್ಕ್ರೂ ಅಥವಾ ನಟ್ ಕಾಣುತ್ತವೆ. ಅವನ್ನು ಬಿಚ್ಚಿ ಒಂದು ತಟ್ಟೆಯಲ್ಲಿಡಿ. ದೀಪವನ್ನು ಎರಡೂ ಕೈಯಿಂದ ನೇರವಾಗಿ ಹಿಂದಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಕ್ಲಿಪ್ಪು ಮುರಿಯುತ್ತದೆ, ಬಾಡಿಯ ಬಣ್ಣ ಹೋಗುತ್ತದೆ.

3. ವೈರಿನ ಸಾಕೆಟ್ಟಿಗೆ ಒಂದು ಲಾಕ್ ಇರುತ್ತದೆ. ಅದನ್ನು ಒತ್ತಿ ಸಾಕೆಟ್ ಬಿಡಿಸಿ. ವೈರು ಹಿಡಿದು ಎಳೆಯಬೇಡಿ.

4. ಫಿಲ್ಮ್ ಅಂಟಿಸಿದ್ದರೆ ಹೇರ್ ಡ್ರೈಯರಿನಿಂದ ಅಥವಾ ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆಚ್ಚಗೆ ಮಾಡಿ, ಒಂದು ಮೂಲೆಯಿಂದ ನಿಧಾನವಾಗಿ ಸುಲಿಯಿರಿ. ಉಳಿದ ಅಂಟಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟು, ಆಮೇಲೆ ಸೋಪಿನ ನೀರಿನಿಂದ ತೊಳೆಯಿರಿ.

5. ಸ್ಪ್ರೇ ಹೊಡೆದಿದ್ದರೆ ಕೆಲಸ ಹೆಚ್ಚು. 800 ನಂಬರಿನ ನೀರು ಕಾಗದದಿಂದ ನೀರು ಹಾಕುತ್ತ ಹಗುರವಾಗಿ ಉಜ್ಜಿ, ಬಣ್ಣ ಹೋದ ಮೇಲೆ 1500, ನಂತರ 2000 ನಂಬರಿನ ಕಾಗದ ಬಳಸಿ, ಕೊನೆಗೆ ಪಾಲಿಶ್ ಹಚ್ಚಿ ತಿಕ್ಕಿ. ಬಣ್ಣ ಹೋಗದಿದ್ದರೆ, ಗಾಜು ಮಬ್ಬಾಗಿ ಉಳಿದರೆ, ಹೊಸ ದೀಪ ಹಾಕಿಸುವುದೇ ಸರಿ.

6. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ ಇವನ್ನು ಮುಟ್ಟಿಸಲೇಬೇಡಿ. ನಾವು ಗಾಜು ಎನ್ನುತ್ತೇವೆ, ಆದರೆ ಅದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಇಂಥ ದ್ರವ ತಾಗಿದರೆ ಅದರಲ್ಲಿ ಜೇಡನ ಬಲೆಯಂತೆ ಸೀಳು ಬೀಳುತ್ತವೆ. ದೀಪವನ್ನು ಒಲೆಯ ಹತ್ತಿರ ಕಾಯಿಸಿ ಗಾಜು ಬೇರ್ಪಡಿಸುವ ಸಾಹಸವೂ ಬೇಡ. ಒಮ್ಮೆ ಬಿಚ್ಚಿದ ಅಂಟು ಮೊದಲಿನಂತೆ ಕೂಡುವುದು ಕಷ್ಟ. ಮಳೆಗಾಲದಲ್ಲಿ ಒಳಗೆ ನೀರು ನಿಂತು ಬಲ್ಬೂ ಹೋಗುತ್ತದೆ, ವೈರೂ ಕೊಳೆಯುತ್ತದೆ.

7. ಮತ್ತೆ ಕೂಡಿಸುವಾಗ ಹಿಂದಿನ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆಯೇ ನೋಡಿ. ನಂತರ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹಿಂದೆ ಹೋಗಿ ನಿಂತು ಪರೀಕ್ಷೆ ಮಾಡಿ. ಸಣ್ಣ ದೀಪ, ಬ್ರೇಕ್, ಎಡ, ಬಲ, ರಿವರ್ಸ್, ನಂಬರ್ ಪ್ಲೇಟ್. ಆರೂ ಉರಿದರೆ ಕೆಲಸ ಮುಗಿಯಿತು.

ಗಾಡಿ ಚೆಂದ ಕಾಣಬೇಕೇ? ಒಳಗಿನ ಸೀಟಿಗೆ ಒಳ್ಳೆಯ ಕವರ್ ಹಾಕಿಸಿ. ಗಾಡಿಯನ್ನು ವಾರಕ್ಕೊಮ್ಮೆ ತೊಳೆಯಿರಿ. ಮಬ್ಬಾದ ದೀಪದ ಗಾಜಿಗೆ ಪಾಲಿಶ್ ಮಾಡಿ ಹೊಸದರಂತೆ ಹೊಳೆಯಿಸಿ. ನೋಡಿದವರು "ಗಾಡಿ ಛಲೋ ಇಟ್ಟಾನ" ಎನ್ನುತ್ತಾರೆ. ಇಷ್ಟು ಸಾಕಲ್ಲವೇ?

ಟ್ರ್ಯಾಕ್ಟರ್ ಇರುವ ಮನೆಯವರಿಗೆ

ಟ್ರ್ಯಾಕ್ಟರಿನ ಹಿಂದೆ ಟ್ರೇಲರಿನ ದೀಪಕ್ಕೆಂದೇ ಏಳು ಪಿನ್ನಿನ ಸಾಕೆಟ್ ಬರುತ್ತದೆ. ಅನೇಕರ ಟ್ರ್ಯಾಕ್ಟರಿನಲ್ಲಿ ಅದು ಮಣ್ಣು ತುಂಬಿ ಕೂತಿರುತ್ತದೆ. ಸೀಸನ್ನಿಗೆ ಮೊದಲು ಅದನ್ನು ಸ್ವಚ್ಛ ಮಾಡಿಸಿ, ಹರಿದ ವೈರು ಬದಲಿಸಿ. ಎರಡು ಟ್ರೇಲರ್ ಇದ್ದರೆ ಕೊನೆಯ ಟ್ರೇಲರಿಗೆ ದೀಪ ತಲುಪಬೇಕು. ನಡುವಿನದಕ್ಕೆ ಇದ್ದು ಪ್ರಯೋಜನವಿಲ್ಲ. ಕಬ್ಬಿನ ವಾಡೆ ದೀಪ ಮುಚ್ಚುತ್ತಿದ್ದರೆ ಒಂದು ಹಲಗೆಗೆ ದೀಪ, ರಿಫ್ಲೆಕ್ಟರ್ ಎರಡನ್ನೂ ಕೂಡಿಸಿ, ಕಬ್ಬು ತುಂಬಿದ ಮೇಲೆ ಹೊರೆಯ ತುದಿಗೆ ಬಿಗಿಯಾಗಿ ಕಟ್ಟಿ. ಕೆಂಪು ರೇಡಿಯಂ ಪಟ್ಟಿಯನ್ನು ಟ್ರೇಲರಿನ ಹಿಂಬದಿಯ ಅಗಲಕ್ಕೂ ಅಂಟಿಸಿ, ಗಾಡಿ ಎಷ್ಟು ಅಗಲ ಇದೆ ಎಂಬುದೂ ಹಿಂದಿನವನಿಗೆ ತಿಳಿಯಲಿ. ಧೂಳು ಕೂತ ಪಟ್ಟಿ ಹೊಳೆಯುವುದಿಲ್ಲ, ದಿನಾ ಒಂದು ಹಸಿ ಬಟ್ಟೆಯಿಂದ ಒರೆಸಿ. ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸುವವರೂ ಗಾಡಿಯ ಹಿಂದೆ ಇದೇ ಪಟ್ಟಿ ಹಚ್ಚಬಹುದು. ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯಲು ಬರುವ ಕುಟುಂಬಗಳಿಗೆ ಈ ಮಾತು ತಿಳಿಸುವ ಹೊಣೆ ಅವರನ್ನು ಕರೆಸಿಕೊಂಡ ನಮ್ಮದು.

ಪಂಕ್ಚರ್ ಆಯಿತು, ಆಕ್ಸಲ್ ಮುರಿಯಿತು ಎಂದರೆ ಸಾಧ್ಯವಾದಷ್ಟು ಡಾಂಬರಿನಿಂದ ಕೆಳಗೆ ಇಳಿಸಿ ನಿಲ್ಲಿಸಿ. ಕನಿಷ್ಠ 50 ಮೀಟರ್ ಹಿಂದೆ ಕೆಂಪು ತ್ರಿಕೋನದ ಫಲಕ ಇಡಿ. ನಮ್ಮ ಕಡೆ ಕಲ್ಲು, ಗಿಡದ ಟೊಂಗೆ ಇಡುವ ರೂಢಿ ಇದೆ. ಕಲ್ಲು ಕತ್ತಲೆಯಲ್ಲಿ ಹೊಳೆಯುವುದಿಲ್ಲ. ರಿಪೇರಿ ಆದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಮಾತ್ರ ರಸ್ತೆಯ ಮೇಲೆ ಉಳಿದು ಮತ್ತೊಬ್ಬರ ಜೀವ ತೆಗೆಯುತ್ತದೆ. ಇಟ್ಟವರೇ ಎತ್ತಿ ಹಾಕಬೇಕು.

ಸಂಘಗಳು ಏನು ಮಾಡಬಹುದು?

ತಾಯಂದಿರೇ, ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಮುಂದಿನ ವಾರದ ಸಭೆಗೆ ಮುಂಚೆ ನಿಮ್ಮ ಮನೆಯ ಗಾಡಿಯ ಹಿಂದೆ ಕತ್ತಲಾದ ಮೇಲೆ ಒಮ್ಮೆ ನಿಲ್ಲಿ. ಮಗನಿಗೆ ಚಾವಿ ತಿರುಗಿಸಿ ಬ್ರೇಕ್ ತುಳಿಯಲು ಹೇಳಿ. ಐವತ್ತು ಹೆಜ್ಜೆ ಹಿಂದೆ ನಡೆದು ಹೋಗಿ ಮತ್ತೆ ನೋಡಿ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣದಿದ್ದರೆ ಆ ದೀಪ ಸಾಲದು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೇ ಕರೆದು ತೋರಿಸಿ, ಅವರಿಗಿಂತ ಒಳ್ಳೆಯ ಪರೀಕ್ಷಕರಿಲ್ಲ.

ಸಂಘದ ಸಾಲದಿಂದ ಗಾಡಿ ಅಥವಾ ಟ್ರೇಲರ್ ಕೊಳ್ಳುವವರಿಗೆ ಹಿಂದಿನ ದೀಪ, ರಿಫ್ಲೆಕ್ಟರ್ ಸರಿ ಇರಬೇಕೆಂಬ ಒಂದು ಮಾತನ್ನು ಠರಾವಿನಲ್ಲೇ ಸೇರಿಸಬಹುದು. ಹತ್ತು ಮನೆಯವರು ಕೂಡಿ ರೇಡಿಯಂ ಪಟ್ಟಿಯ ಒಂದು ಸುರುಳಿ ತಂದರೆ ಓಣಿಯ ಎಲ್ಲ ಟ್ರೇಲರಿಗೂ, ಸೈಕಲ್ಲಿಗೂ ಆಗುತ್ತದೆ. ಸೀಸನ್ನಿನ ಆರಂಭದಲ್ಲಿ ಪೊಲೀಸರು, ಕಾರ್ಖಾನೆಯವರು ರಿಫ್ಲೆಕ್ಟರ್ ಅಂಟಿಸುವಾಗ ನಮ್ಮ ಯುವಕರೂ ಕೈಗೂಡಿಸಲಿ. ಆದರೆ ಅವರು ಬಂದು ಅಂಟಿಸಲಿ ಎಂದು ಕಾಯುವುದು ಬೇಡ. ಕೈಯಲ್ಲಿ ಪಾನಾ ಹಿಡಿಯಲು ಬರುವ ಹುಡುಗರು ಒಂದು ಭಾನುವಾರ ಊರಿನ ಗಾಡಿಗಳ ಸುಟ್ಟ ಬಲ್ಬು ಬದಲಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಸಮಾಜ ಸೇವೆ ಇಲ್ಲ. ಒಂದು ಬಲ್ಬಿನ ಬೆಲೆ ಒಂದು ಹೊತ್ತಿನ ಊಟದ ಬೆಲೆಗಿಂತ ಹೆಚ್ಚಿಲ್ಲ.

ನಮ್ಮ ಹಿರಿಯರು ಸಂಜೆಯಾದರೆ ಮನೆಯ ಮುಂದೆ ದೀಪ ಇಡುತ್ತಿದ್ದರು. ದಾರಿಹೋಕರಿಗೆ ಇಲ್ಲೊಂದು ಮನೆ ಇದೆ ಎಂದು ತಿಳಿಯಲಿ ಎಂಬುದೂ ಅದರ ಒಂದು ಉದ್ದೇಶವಾಗಿತ್ತು. ಗಾಡಿಯ ಹಿಂದಿನ ದೀಪವೂ ಅಂಥದೇ. ಹಿಂದೆ ಬರುವವನು ಯಾರೋ ನಮಗೆ ಗೊತ್ತಿಲ್ಲ. ಅವನ ಜಾತಿ, ಊರು, ಹೆಸರು ಗೊತ್ತಿಲ್ಲ. ಅವನಿಗೂ ಒಂದು ಮನೆ ಇದೆ, ಬಾಗಿಲಲ್ಲಿ ಯಾರೋ ಕಾಯುತ್ತಿದ್ದಾರೆ ಎಂಬುದಷ್ಟೇ ಗೊತ್ತು. ಅಷ್ಟು ಗೊತ್ತಿದ್ದರೆ ಸಾಕು, ಆ ದೀಪವನ್ನು ಮುಚ್ಚಲು ಕೈ ಬರುವುದಿಲ್ಲ.

ಇವತ್ತೇ ರಾತ್ರಿ ನಿಮ್ಮ ಗಾಡಿಯ ಹಿಂದೆ ಹೋಗಿ ನಿಲ್ಲಿ. ಕಪ್ಪಾಗಿದ್ದರೆ ತೆಗೆಯಿರಿ, ಸುಟ್ಟಿದ್ದರೆ ಬದಲಿಸಿ, ಧೂಳಾಗಿದ್ದರೆ ಒರೆಸಿ.